ಡಚ್ ಹಳ್ಳಿಯ ಹೆಸರನ್ನು ಬಿಡಿಸಿ ಓದುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಕಟ್ಟೆ, ಏರಿ, ತೂಬು, ಜೌಗು, ನದೀಮುಖ, ದಿಬ್ಬ. ನೆದರ್‌ಲ್ಯಾಂಡ್ಸ್‌ನ ನಕ್ಷೆಯನ್ನು ಹರಡಿಕೊಂಡು ಊರುಗಳ ಹೆಸರನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಮತ್ತೆ ಮತ್ತೆ ಕೈಗೆ ಸಿಗುವುದು ಇವೇ ಮಾತುಗಳು. ಆ ದೇಶದ ನೆಲದಲ್ಲಿ ಸುಮಾರು ಶೇ 26ರಷ್ಟು ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಅಲ್ಲಿ ಊರು ಕಟ್ಟುವುದೆಂದರೆ ಮೊದಲು ನೀರಿನ ಜೊತೆ ಒಂದು ಒಪ್ಪಂದಕ್ಕೆ ಬರುವುದು. ಆ ಒಪ್ಪಂದ ಯಾವ ಬಗೆಯದು, ಯಾರು ಮಾಡಿಕೊಂಡದ್ದು, ಎಂದು ಆದದ್ದು ಎಂಬುದನ್ನು ಎಷ್ಟೋ ಸಲ ಹಳ್ಳಿಯ ಹೆಸರೇ ಹೇಳುತ್ತದೆ. ಇಂದಿನ ಡಚ್ ನಿಘಂಟನ್ನು ಮಾತ್ರ ಹಿಡಿದು ಓದಿದರೆ ಆ ಮಾತು ಕೇಳಿಸುವುದಿಲ್ಲ, ಬದಲಿಗೆ ತಪ್ಪು ಅರ್ಥವೊಂದು ಸಲೀಸಾಗಿ ಸಿಗುತ್ತದೆ. ಹಳೆಯ ರೂಪ, ನಕ್ಷೆ, ನೆಲ ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಐಂಡ್‌ಹೋವನ್, ವೆಲ್ಡ್‌ಹೋವನ್, ಆಮ್‌ಸ್ಟೆಲ್‌ವೇನ್ ಕಡೆ ನೆಲೆಸಿರುವ ಕನ್ನಡಿಗರು ತಮ್ಮ ಬಡಾವಣೆಯಿಂದಲೇ ಶುರು ಮಾಡಬಹುದು.

ಹಂತ 1: ಹೆಸರಿನ ಎಲ್ಲ ರೂಪಗಳನ್ನೂ ಬರೆದುಕೊಳ್ಳಿ

ಫಲಕದ ಮೇಲಿನ ರೂಪವೊಂದೇ ಸಾಲದು. ಊರಿನವರು ಹೇಗೆ ಉಚ್ಚರಿಸುತ್ತಾರೆ ಎಂಬುದನ್ನೂ ಬರೆದುಕೊಳ್ಳಬೇಕು. ಗೋರಿಂಖೆಮ್ ಎಂದು ಬರೆಯುವ ಪಟ್ಟಣವನ್ನು ಎಲ್ಲರೂ ಕರೆಯುವುದು ಗೋರ್ಕುಮ್ ಎಂದೇ. ಬರೆಯುವ ರೂಪದಲ್ಲಿ ಮೂರು ತುಂಡುಗಳು ಇನ್ನೂ ಕಾಣುತ್ತವೆ: ಗೋರೊ ಎಂಬ ವ್ಯಕ್ತಿಯ ಹೆಸರು, ‘ಅವನ ಬಳಗದವರು’ ಎನ್ನುವ ‘ಇಂಗ್’, ಮನೆ ಅಥವಾ ನೆಲೆ ಎನ್ನುವ ‘ಹೆಮ್’. ಮಾತಿನಲ್ಲಿ ಇವೆಲ್ಲ ಸವೆದಿವೆ, ಕೊನೆಯ ‘ಹೆಮ್’ ‘ಉಮ್’ ಆಗಿದೆ. ಹಿಲ್ವರ್ಸುಮ್, ಬುಸ್ಸುಮ್ ಮುಂತಾದ ಹೆಸರುಗಳಲ್ಲಿ ಈ ಸವೆತ ಬರವಣಿಗೆಗೂ ಇಳಿದಿದೆ. ಗೋರಿಂಖೆಮ್ ಒಂದನ್ನು ಅರ್ಥ ಮಾಡಿಕೊಂಡರೆ ‘ಉಮ್’ ಎಂದು ಮುಗಿಯುವ ಬಹುಪಾಲು ಊರುಗಳ ಬಾಲ ಕೈಗೆ ಸಿಕ್ಕಿತೆಂದೇ ತಿಳಿಯಿರಿ.

ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಫ್ರೀಸಿಯನ್ ಭಾಷೆಯ ರೂಪವನ್ನೂ ಸೇರಿಸಿಕೊಳ್ಳಿ, ಅಲ್ಲಿನ ಫಲಕಗಳಲ್ಲಿ ಎರಡೂ ಇರುತ್ತವೆ. ಡಚ್‌ನ ಲೇವಾರ್ಡನ್ ಫ್ರೀಸಿಯನ್ನಿನಲ್ಲಿ ಲ್ಯೌವರ್ಟ್, ಸ್ನೇಕ್ ಎಂಬುದು ಸ್ನಿಟ್ಸ್.

ಕಾಗುಣಿತದ ಬಗ್ಗೆ ಒಂದು ಎಚ್ಚರಿಕೆ. ಡಚ್ ಭಾಷೆ ತನ್ನ ಕಾಗುಣಿತವನ್ನು ಹಲವು ಸಲ ಸುಧಾರಿಸಿಕೊಂಡಿದೆ, ಆದರೆ ಊರಿನ ಹೆಸರುಗಳು ಹಳೆಯ ಬರವಣಿಗೆಯನ್ನೇ ಉಳಿಸಿಕೊಂಡಿವೆ. ಹೇರನ್‌ವೇನ್, ಹೋಗವೇನ್‌ಗಳಲ್ಲಿ ಇಂದಿನ ಪದಗಳಲ್ಲಿ ಇಲ್ಲದ ಜೋಡಿ ಸ್ವರಗಳಿವೆ. ಮೊನ್ನಿಕೆನ್‌ಡ್ಯಾಮ್‌ನ ‘ಸನ್ಯಾಸಿ’ ಪದದಲ್ಲಿ ಈಗ ಯಾರೂ ಬರೆಯದ ಒಂದು ಅಕ್ಷರ ಹೆಚ್ಚಿಗೆ ಇದೆ. ಹೀಗಾಗಿ ನಿಘಂಟಿನಲ್ಲಿ ಇದ್ದಂತೆಯೇ ಹುಡುಕಿದರೆ ಪದ ಸಿಗದೆ ಹೋಗಬಹುದು.

ಹಂತ 2: ತಲೆಗೂ ಕೊನೆಗೂ ಅಂಟಿದ್ದನ್ನು ಕಳಚಿಡಿ

ತಲೆಯಲ್ಲಿ ಅಪಾಸ್ಟ್ರಫಿ, ಅದರ ಹಿಂದೆ ‘ಎಸ್’ ಅಕ್ಷರ ಕಂಡರೆ ಅದು ಹಳೆಯ ಷಷ್ಠಿ ವಿಭಕ್ತಿಯ ಗುರುತು. ಹೇಗ್ ನಗರದ ಪೂರ್ಣ ಹೆಸರು ಸ್-ಖ್ರಾವೆನ್‌ಹಾಗೆ, ಅಂದರೆ ಕೌಂಟ್‌ನ ಬೇಲಿ ಹಾಕಿದ ಕಾಡು. ಡೆನ್ ಬಾಸ್ ಎಂದು ಜನ ಕರೆಯುವ ಪಟ್ಟಣದ ಪೂರ್ಣ ರೂಪ ಸ್-ಹೆರ್ಟೋಗನ್‌ಬಾಸ್, ಅಂದರೆ ಡ್ಯೂಕ್‌ನ ಕಾಡು. ಬ್ರಬಾಂಟಿನ ಡ್ಯೂಕ್ ಒಂದನೆಯ ಹೆನ್ರಿ ಅದಕ್ಕೆ ಪಟ್ಟಣದ ಹಕ್ಕು ಕೊಟ್ಟದ್ದು 1185ರಲ್ಲಿ ಎಂದು ರೂಢಿಯಲ್ಲಿದೆ. ಅರಸೀಕೆರೆಯನ್ನು ಬಿಡಿಸಬಲ್ಲ ಕನ್ನಡಿಗರಿಗೆ ಇದೇನೂ ಹೊಸದಲ್ಲ, ಆಳುವವರ ಹೆಸರು ಮೊದಲು, ನೆಲದ ಹೆಸರು ಆಮೇಲೆ.

‘ಡೆನ್’, ‘ಟೆರ್’ ಇವು ಹಳೆಯ ವ್ಯಾಕರಣದ ಉಳಿಕೆಗಳು. ಡೆನ್ ಹೆಲ್ಡರ್, ಟೆರ್ ಆಪೆಲ್, ಟೆರ್ನ್ಯೂಜೆನ್ ಈ ಊರುಗಳಲ್ಲಿ ಮೊದಲ ತುಂಡನ್ನು ಬದಿಗಿಡಿ. ಇನ್ನು ಕೊನೆಯಲ್ಲಿ ಬರುವ ‘ಆನ್ ಡೆನ್ ರೈನ್’, ‘ಆನ್ ಡೆನ್ ಐಸೆಲ್’ ಮೊದಲಾದವು ಒಂದೇ ಹೆಸರಿನ ಎರಡು ಊರುಗಳನ್ನು ಬೇರ್ಪಡಿಸಲು ಇಟ್ಟವು. ಆಮ್‌ಸ್ಟೆಲ್ ದಂಡೆಯಲ್ಲಿ ಒಂದು ಔಡರ್‌ಕೆರ್ಕ್ ಇದೆ, ಐಸೆಲ್ ದಂಡೆಯಲ್ಲಿ ಇನ್ನೊಂದು.

‘ಬೋವನ್’ (ಮೇಲೆ), ‘ಬೆನೇಡನ್’ (ಕೆಳಗೆ) ಎಂಬ ವಿಶೇಷಣಗಳನ್ನು ಕಂಡು ಗುಡ್ಡವನ್ನು ಹುಡುಕಿಕೊಂಡು ಹೋಗಬೇಡಿ. ನದಿ ಸೀಮೆಯಲ್ಲಿ ಅವು ಪ್ರವಾಹದ ದಿಕ್ಕು. ವಾಲ್ ನದಿಯ ದಂಡೆಯಲ್ಲಿ ಬೋವನ್-ಲೇವನ್ ಪೂರ್ವಕ್ಕಿದೆ, ಬೆನೇಡನ್-ಲೇವನ್ ಪಶ್ಚಿಮಕ್ಕಿದೆ, ಏಕೆಂದರೆ ನದಿ ಪಶ್ಚಿಮಕ್ಕೆ ಹರಿಯುತ್ತದೆ.

ಹಂತ 3: ಬಾಲದಿಂದ ಓದಲು ತೊಡಗಿ

ಡಚ್ ಹೆಸರಿನಲ್ಲಿ ಮುಖ್ಯ ವಿಷಯ ಇರುವುದು ಕೊನೆಯ ತುಂಡಿನಲ್ಲಿ, ಮೊದಲ ತುಂಡು ಅದಕ್ಕೆ ವಿಶೇಷಣ. ಬಾಲಗಳನ್ನು ಅಕಾರಾದಿಯಾಗಿ ಬಾಯಿಪಾಠ ಮಾಡುವುದರಿಂದ ಪ್ರಯೋಜನ ಕಡಿಮೆ. ಯಾವ ಬಗೆಯ ನೆಲಕ್ಕೆ ಯಾವ ಬಾಲ ಎಂದು ಗುಂಪು ಮಾಡಿಕೊಂಡರೆ ನೆನಪಿನಲ್ಲೂ ಉಳಿಯುತ್ತದೆ, ನಕ್ಷೆಯೊಂದಿಗೂ ಹೊಂದುತ್ತದೆ.

ನೀರನ್ನು ತಡೆದ, ಬಿಟ್ಟ, ದಾಟಿದ ಊರುಗಳು ಮೊದಲ ಗುಂಪು. ‘ಡ್ಯಾಮ್’ ಎಂದರೆ ಕಟ್ಟೆ: ರಾಟೆ ನದಿಗೆ ಕಟ್ಟಿದ ರಾಟರ್‌ಡ್ಯಾಮ್, ಜಾನ್ ನದಿಗೆ ಕಟ್ಟಿದ ಜಾನ್‌ಡ್ಯಾಮ್. ‘ಡೈಕ್’ ಎಂದರೆ ಏರಿ. ‘ಜೈಲ್’ ಮತ್ತು ‘ಸ್ಲ್ಯೂಸ್’ ತೂಬುಗಳು: ಡೆಲ್ಫ್‌ಜೈಲ್ ಎಂದರೆ ಡೆಲ್ಫ್ ಕಾಲುವೆಯ ತೂಬು. ಡೆಲ್ಫ್ಟ್ ಎಂಬ ಊರಿನ ಹೆಸರೂ ‘ಅಗೆ’ ಎಂಬ ಕ್ರಿಯೆಯಿಂದಲೇ ಬಂದದ್ದು, ಅಗೆದ ಕಾಲುವೆಯೇ ಊರಾಯಿತು. ‘ಮೌಡನ್’ ಮತ್ತು ‘ಮೊಂಡ್’ ನದಿಯ ಬಾಯಿ: ರೂರ್ ನದಿ ಮಾಸ್ ನದಿಗೆ ಸೇರುವಲ್ಲಿ ರೂರ್‌ಮೊಂಡ್. ‘ವೋರ್ಟ್’, ‘ವೋರ್ಡೆ’ ಎಂದರೆ ಹೊಳೆಯನ್ನು ನಡೆದು ದಾಟುವ ಜಾಗ. ಆಮರ್ಸ್‌ಫೋರ್ಟ್ ಹಾಗೆ ಹುಟ್ಟಿತು, ಹಸುಗಳು ದಾಟುತ್ತಿದ್ದ ಕೂವೋರ್ಡನ್ ಕೂಡ. ಕೆನಡಾದ ವ್ಯಾಂಕೂವರ್‌ಗೆ ಹೆಸರು ಕೊಟ್ಟ ನಾವಿಕ ಜಾರ್ಜ್ ವ್ಯಾಂಕೂವರ್ ಅವರ ಮನೆತನದ ಹೆಸರು ಈ ‘ವಾನ್ ಕೂವೋರ್ಡನ್’ನಿಂದ ಬಂದದ್ದೆಂದು ಹೇಳುತ್ತಾರೆ. ಒಂದೆರಡು ಅಕ್ಷರಗಳ ‘ಆ’, ‘ಏ’ಗಳನ್ನು ಕಡೆಗಣಿಸಬೇಡಿ, ಅವು ನೀರು ಎಂಬ ಬಹಳ ಹಳೆಯ ಪದದ ಉಳಿಕೆ. ಬ್ರೆಡಾ ಎಂದರೆ ಅಗಲವಾದ ‘ಆ’ ಎಂಬ ನದಿ. ಅರ್ಧ ಅಕ್ಷರವೆಂದು ಬಿಟ್ಟರೆ ಹೆಸರಿನ ಅರ್ಧ ಅರ್ಥವೇ ಹೋಗುತ್ತದೆ.

ಎತ್ತರದ ಊರುಗಳು ಎರಡನೆಯ ಗುಂಪು. ಉತ್ತರದ ಕರಾವಳಿಯಲ್ಲಿ ಏರಿಗಳು ಬರುವ ಎಷ್ಟೋ ಮೊದಲೇ ಜನ ಮಣ್ಣು, ಗೊಬ್ಬರ, ಕಸ ಪೇರಿಸಿ ಕೃತಕ ದಿಬ್ಬ ಮಾಡಿ ಅದರ ಮೇಲೆ ಬದುಕಿದರು. ರೋಮನ್ ಲೇಖಕ ಪ್ಲಿನಿ ಕ್ರಿ.ಶ. ಮೊದಲ ಶತಮಾನದಲ್ಲಿ ಉತ್ತರ ಸಮುದ್ರದ ಕರಾವಳಿಯ ಇಂಥ ದಿಬ್ಬದ ಜನರ ಬಗ್ಗೆ ಬರೆದಿದ್ದಾರೆ. ಗ್ರೋನಿಂಗೆನ್‌ನಲ್ಲಿ ಈ ದಿಬ್ಬಕ್ಕೆ ‘ವೀರ್ಡೆ’ ಎನ್ನುತ್ತಾರೆ, ಊರಿನ ಹೆಸರಿನಲ್ಲಿ ಅದು ‘ವರ್ಡ್’, ‘ವಾರ್ಡ್’, ‘ವಾರ್ಡನ್’ ಆಗುತ್ತದೆ. ಬೋಲ್ಸ್‌ವಾರ್ಡ್, ಲೇವಾರ್ಡನ್ ಇದಕ್ಕೆ ಉದಾಹರಣೆ. ಲೇವಾರ್ಡನ್‌ನ ಲಾಂಛನದಲ್ಲಿ ಸಿಂಹವಿದೆ ಎಂದು ಹೆಸರಿನಲ್ಲಿ ಸಿಂಹವನ್ನು ಹುಡುಕುವುದಕ್ಕಿಂತ ಬಾಲದಲ್ಲಿರುವ ದಿಬ್ಬವನ್ನು ಹಿಡಿಯುವುದು ಒಳ್ಳೆಯದು. ಫ್ರೀಸ್‌ಲ್ಯಾಂಡಿನಲ್ಲಿ ಇದೇ ದಿಬ್ಬಕ್ಕೆ ‘ಟೆರ್ಪ್’ ಎನ್ನುತ್ತಾರೆ. ಆದರೆ ಆ ಪದದ ಮೂಲ ಅರ್ಥ ಹಳ್ಳಿ, ಡಚ್‌ನ ‘ಡಾರ್ಪ್’ಗೆ ಸೋದರ ಪದ. ಹಾಗಾಗಿ ಉರೆಟೆರ್ಪ್, ಓಲ್ಟರ್‌ಟೆರ್ಪ್‌ಗಳಿಗೆ ಹೋಗಿ ದಿಬ್ಬ ಎಲ್ಲಿದೆ ಎಂದು ಕೇಳಿದರೆ ಉತ್ತರ ಸಿಗದು, ಅವು ಮರಳು ನೆಲದ ಕಾಡು ಸೀಮೆಯ ಹಳ್ಳಿಗಳು. ದಿಬ್ಬವನ್ನೇ ನೋಡಬೇಕೆಂದರೆ ಹೋಗಬೈಂಟಮ್‌ಗೆ ಹೋಗಿ, ಸಮುದ್ರ ಮಟ್ಟದಿಂದ 8.8 ಮೀಟರ್ ಎತ್ತರವಿರುವ ಅದು ದೇಶದಲ್ಲೇ ಅತಿ ಎತ್ತರದ ಟೆರ್ಪ್.

ಕಾಡು ಮತ್ತು ಜೌಗಿನ ಬಾಲಗಳನ್ನು ಬೇಗ ಹೇಳಿಬಿಡಬಹುದು. ‘ಲೋ’ ಎಂದರೆ ತೆರಪಾದ ಕಾಡು (ಹೆಂಗೆಲೊ, ಆಲ್ಮೆಲೊ, ಎರ್ಮೆಲೊ). ‘ರೋಡೆ’, ‘ರಾಡೆ’ ಎಂದರೆ ಕಾಡು ಕಡಿದು ಮಾಡಿದ ಬಯಲು, ಸಂತ ಓಡಾಳ ಹೆಸರಿನ ಸಿಂಟ್-ಊಡನ್‌ರೋಡೆ, ಇಗರ್ಜಿಯ ಕೆರ್ಕ್‌ರಾಡೆ ಹಾಗೆ. ‘ಹಾರ್ಸ್ಟ್’ ಮತ್ತು ‘ಡಾಂಕ್’ ಜೌಗಿನ ನಡುವೆ ಎದ್ದ ಒಣ ನೆಲ. ‘ಬ್ರೂಕ್’ ಎಂದರೆ ಜೌಗು. ಇಂದಿನ ಡಚ್‌ನಲ್ಲಿ ಬ್ರೂಕ್ ಎಂದರೆ ಪ್ಯಾಂಟು, ಆದರೆ ಊರಿನ ಹೆಸರುಗಳ ಬ್ರೂಕ್‌ಗೆ ಆ ಪ್ಯಾಂಟಿನ ಸಂಬಂಧವಿಲ್ಲ.

‘ವೇನ್’ ಎಂದರೆ ಪೀಟ್ ನೆಲ, ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂಡಿದ ಜೌಗು ಸಸ್ಯಗಳ ಮಣ್ಣು. ಕತ್ತರಿಸಿ ಒಣಗಿಸಿದರೆ ಉರುವಲು. ಇದೇ ಉರುವಲಿನ ಆಸೆಗೆ ಬಂಡವಾಳಗಾರರು ಕೂಡಿ 1551ರಲ್ಲಿ ಒಂದು ಕಂಪನಿ ಕಟ್ಟಿದರು, ಅದರಿಂದ ಬೆಳೆದ ಊರು ಹೇರನ್‌ವೇನ್, ಅಂದರೆ ಯಜಮಾನರ ಪೀಟ್ ನೆಲ. ಹೋಗವೇನ್ 1625ರದ್ದು. ಆಮ್‌ಸ್ಟೆಲ್‌ವೇನ್ ಎಂದರೆ ಆಮ್‌ಸ್ಟೆಲ್ ನದಿಯ ಪೀಟ್ ನೆಲ.

ಹಂತ 4: ‘ಕೋಪ್’ ಊರುಗಳನ್ನು ನಕ್ಷೆಯ ಮೇಲೆ ನೋಡಿ

ಇಲ್ಲಿ ಸ್ವಲ್ಪ ನಿಲ್ಲುವುದು ಒಳ್ಳೆಯದು. ಹೆಸರು ಮತ್ತು ನೆಲ ಇಷ್ಟು ಸ್ಪಷ್ಟವಾಗಿ ಒಂದನ್ನೊಂದು ಸಮರ್ಥಿಸುವ ಜಾಗ ದೇಶದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಉಟ್ರೆಕ್ಟ್ ಮತ್ತು ದಕ್ಷಿಣ ಹಾಲೆಂಡಿನ ಗಡಿಯಲ್ಲಿ ಬೊಸ್ಕೋಪ್, ನಿಯುಕೋಪ್, ಪಾಪೆಕಾಪ್, ಬೆನ್ಸ್‌ಖಾಪ್, ಟೆಕಾಪ್ ಎಂಬ ಊರುಗಳಿವೆ. ಇಂದಿನ ಡಚ್‌ನಲ್ಲಿ ‘ಕೋಪ್’ ಎಂದರೆ ಖರೀದಿ, ‘ಕಾಪ್’ ಎಂದರೆ ತಲೆ. ಹಾಗೆ ಓದಿದರೆ ಪಾಪೆಕಾಪ್ ಪಾದ್ರಿಯ ತಲೆ ಆಗಿಬಿಡುತ್ತದೆ! ನಿಜವಾಗಿ ಇವೆಲ್ಲ ಒಂದೇ ಮಧ್ಯಯುಗದ ಪದ, ‘ಕೋಪೆ’, ಅಂದರೆ ಕರಾರು. ಹನ್ನೊಂದರಿಂದ ಹದಿಮೂರನೆಯ ಶತಮಾನದವರೆಗೆ ಉಟ್ರೆಕ್ಟಿನ ಬಿಷಪ್ ಮತ್ತು ಹಾಲೆಂಡಿನ ಕೌಂಟ್ ನಿರ್ಜನ ಪೀಟ್ ಜೌಗನ್ನು ಅಳೆದು, ಬಂದು ಸಾಗುವಳಿ ಮಾಡಲು ಒಪ್ಪಿದವರಿಗೆ ಕರಾರಿನ ಮೇಲೆ ಕೊಟ್ಟರು. ರೈತ ಅವರ ಒಡೆತನವನ್ನು ಒಪ್ಪಿಕೊಂಡ ಗುರುತಿಗೆ ವರ್ಷಕ್ಕೊಮ್ಮೆ ಒಂದು ಸಣ್ಣ ಕಾಣಿಕೆ ಕೊಡಬೇಕು, ಉಳಿದಂತೆ ಅವನು ಜೀತದಿಂದ ಮುಕ್ತ.

ಆ ಕರಾರಿನ ಅಳತೆ ಇಂದಿಗೂ ನೆಲದ ಮೇಲಿದೆ. ಉಪಗ್ರಹ ಚಿತ್ರದಲ್ಲಿ ಬೆನ್ಸ್‌ಖಾಪ್ ತೆರೆದು ನೋಡಿ. ಒಂದು ನೇರ ಕಾಲುವೆ, ಅದರ ಗುಂಟ ಒಂದೇ ಸಾಲಿನಲ್ಲಿ ಮನೆಗಳು, ಪ್ರತಿ ಮನೆಯ ಬೆನ್ನಿಗೆ ರಿಬ್ಬನ್ನಿನಂತೆ ಉದ್ದಕ್ಕೆ ಓಡುವ ಹೊಲ, ಹೊಲಗಳ ನಡುವೆ ನೀರು ತುಂಬಿದ ಬದುಗಾಲುವೆ. ರೂಢಿಯ ಅಳತೆ ಸುಮಾರು 110 ಮೀಟರ್ ಅಗಲ, 1,250 ಮೀಟರ್ ಉದ್ದ. ನೀರನ್ನು ಹೊರಹಾಕಿದಂತೆ ಪೀಟ್ ಕುಗ್ಗಿ ನೆಲ ತಗ್ಗಿತು, ತಗ್ಗಿದ ನೆಲದಿಂದ ನೀರೆತ್ತಲು ಮುಂದೆ ಗಾಳಿಗಿರಣಿಗಳು ಬೇಕಾದವು.

ಇಂಥ ಜೌಗಿಗೆ ಜನರನ್ನು ಕರೆತರಬೇಕಲ್ಲ! ಅದಕ್ಕೆ ಕೆಲವು ಕರಾರು ನೆಲಗಳಿಗೆ ಆಸೆ ಹುಟ್ಟಿಸುವ ಹೆಸರನ್ನೇ ಇಟ್ಟರು ಎಂದು ಸಂಶೋಧಕರು ಹೇಳುತ್ತಾರೆ. ಕೊಕೆಂಗೆನ್ ಎಂದರೆ ಕೊಕೇನ್ ಎಂಬ ಕಲ್ಪಿತ ಸುಭಿಕ್ಷ ನಾಡು. ಸ್ಪೆಂಗೆನ್ ಎಂದರೆ ಸ್ಪೇನ್, ಪೋರ್ಟೆಂಗೆನ್ ಎಂದರೆ ಬ್ರಿಟನಿ, ಡೆಮರಿಕ್ ಎಂದರೆ ಡೆನ್ಮಾರ್ಕ್. ಮೊಣಕಾಲುದ್ದ ಕೆಸರಿನಲ್ಲಿ ಕಾಲುವೆ ತೋಡಿದ ಆ ಮೊದಲ ತಲೆಮಾರನ್ನು ನೆನೆದು ಈ ಹೆಸರುಗಳನ್ನು ಓದಿದರೆ ಮನಸ್ಸು ಮಿಡಿಯುತ್ತದೆ.

ಹಂತ 5: ಅತ್ಯಂತ ಹಳೆಯ ಬರಹ ರೂಪವನ್ನು ಹುಡುಕಿ

ಇದಿಲ್ಲದೆ ಯಾವ ಅರ್ಥವನ್ನೂ ಗಟ್ಟಿಯಾಗಿ ಹೇಳಬಾರದು. ಮಠಗಳ ಆಸ್ತಿ ಪಟ್ಟಿ, ಸುಂಕದ ಸನದು, ದಾನಪತ್ರ ಇವೇ ಮುಖ್ಯ ಆಕರಗಳು. ಆಮ್‌ಸ್ಟರ್‌ಡ್ಯಾಮ್‌ನ ಹೆಸರು ಮೊದಲು ಕಾಣುವುದು 1275ರಲ್ಲಿ ಕೌಂಟ್ ಐದನೆಯ ಫ್ಲೋರಿಸ್ ಕೊಟ್ಟ ಸುಂಕ ವಿನಾಯಿತಿಯಲ್ಲಿ, ಆಮ್‌ಸ್ಟೆಲ್ ಕಟ್ಟೆಯ ಬಳಿ ವಾಸಿಸುವ ಜನ ಎಂಬ ಮಾತಿನಲ್ಲಿ. ಅಲ್ಲಿ ಅದು ಇನ್ನೂ ಜಾಗದ ವಿವರಣೆ, ಆಮೇಲೆ ಹೆಸರಾಯಿತು. ದಾಖಲೆಯ ವರ್ಷ ಊರು ಹುಟ್ಟಿದ ವರ್ಷವಲ್ಲ ಎಂಬುದನ್ನೂ ನೆನಪಿಡಿ. ಎಷ್ಟೋ ಸನದುಗಳು ನಮಗೆ ಉಳಿದಿರುವುದು ನಂತರದ ಶತಮಾನಗಳ ನಕಲುಗಳಾಗಿ, ನಕಲು ಮಾಡಿದವರು ತಮ್ಮ ಕಾಲದ ಕಾಗುಣಿತವನ್ನು ಬೆರೆಸಿರಬಹುದು.

ಹಳೆಯ ರೂಪ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಉಟ್ರೆಕ್ಟ್, ಮಾಸ್ಟ್ರಿಕ್ಟ್, ಡೋರ್ಡ್ರೆಕ್ಟ್ ಸಾಕ್ಷಿ. ಕಿವಿಗೆ ಮೂರೂ ಒಂದೇ ಬಳಗ. ಮಾಸ್ಟ್ರಿಕ್ಟ್ ಲ್ಯಾಟಿನ್‌ನ ‘ಟ್ರಯೆಕ್ಟುಮ್’, ಮಾಸ್ ನದಿಯನ್ನು ದಾಟುವ ಜಾಗ. ಉಟ್ರೆಕ್ಟ್ ಕೂಡ ರೈನ್ ದಂಡೆಯ ಒಂದು ಟ್ರಯೆಕ್ಟುಮ್, ಮೊದಲನೆಯದರಿಂದ ಬೇರ್ಪಡಿಸಲು ಹರಿವಿನಲ್ಲಿ ಕೆಳಗಿನದು ಎನ್ನುವ ‘ಊಟ್’ ಸೇರಿತು. ಡೋರ್ಡ್ರೆಕ್ಟ್‌ನ ಹಳೆಯ ರೂಪ ‘ತುರೆದ್ರಿತ್’. ಅದರಲ್ಲಿ ಟ್ರಯೆಕ್ಟುಮ್ ಇಲ್ಲ. ಅದು ನೀರು ಹರಿಯುವ ಹಾದಿ ಎನ್ನುವ ಜರ್ಮಾನಿಕ್ ಪದ. ಜ್ವೈನ್‌ಡ್ರೆಕ್ಟ್, ಪಾಪೆನ್‌ಡ್ರೆಕ್ಟ್, ಸ್ಲೀಡ್ರೆಕ್ಟ್, ಬಾರೆನ್‌ಡ್ರೆಕ್ಟ್ ಎಲ್ಲ ಅದರ ಸುತ್ತಲೇ ನದೀಮುಖದಲ್ಲಿ ಗುಂಪಾಗಿವೆ. ಈ ಗುಂಪುಗೂಡಿಕೆಯೂ ಒಂದು ಪುರಾವೆ.

ಲೈಡನ್‌ನಲ್ಲಿರುವ ಡಚ್ ಭಾಷಾ ಸಂಸ್ಥೆ ಹಳೆಯ ಡಚ್‌ನಿಂದ ಇಂದಿನವರೆಗಿನ ಐತಿಹಾಸಿಕ ನಿಘಂಟುಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಬಾಲದ ಪದವನ್ನು ಅಲ್ಲಿ ಮೊದಲು ನೋಡಿ.

ಹಂತ 6: ನೆಲಕ್ಕೆ ಕೇಳಿ

ಭೂದಾಖಲೆ ಇಲಾಖೆಯಾದ ಕಡಾಸ್ಟರ್ ‘ಟೋಪೋಟೈಡ್‌ರೈಸ್’ ಎಂಬ ಜಾಲತಾಣ ನಡೆಸುತ್ತದೆ. ಒಂದು ಜಾಗವನ್ನು ಆರಿಸಿ ವರ್ಷದ ಪಟ್ಟಿಯನ್ನು ಎಳೆದರೆ ಸುಮಾರು ಇನ್ನೂರು ವರ್ಷಗಳ ನಕ್ಷೆಗಳು ಒಂದರ ಹಿಂದೆ ಒಂದು ಬರುತ್ತವೆ. ಇಂದು ಬಡಾವಣೆ ಇರುವಲ್ಲಿ ಅಂದು ಕೆರೆ ಇತ್ತೇ, ಕಾಲುವೆ ಇತ್ತೇ ಎಂದು ತಿಳಿಯುತ್ತದೆ. ಇದರ ಜೊತೆಗೆ ಲೇಸರ್ ಅಳತೆಯಿಂದ ಮಾಡಿದ ರಾಷ್ಟ್ರೀಯ ಎತ್ತರದ ನಕ್ಷೆಯನ್ನೂ ತೆರೆಯಿರಿ, ಅದೂ ಉಚಿತ. ಕಣ್ಣಿಗೆ ಸಮತಟ್ಟಾಗಿ ಕಾಣುವ ಹುಲ್ಲುಗಾವಲಿನಲ್ಲಿ ಹಳೆಯ ದಿಬ್ಬ, ಮರಳಿನ ಬೆನ್ನು, ಸತ್ತ ನದಿಯ ಪಾತ್ರ ಬಣ್ಣ ಬಣ್ಣವಾಗಿ ಎದ್ದು ಬರುತ್ತವೆ. ಹೆಸರು ದಿಬ್ಬ ಎನ್ನುತ್ತಿದ್ದರೆ ಇಲ್ಲಿ ದಿಬ್ಬ ಕಾಣಬೇಕು, ಕಾಣದಿದ್ದರೆ ನಿಮ್ಮ ಅರ್ಥವನ್ನು ಮತ್ತೆ ಪರೀಕ್ಷಿಸಿ.

ಹಂತ 7: ರುಚಿಯಾದ ಕಥೆಯನ್ನು ಅನುಮಾನಿಸಿ

ಗ್ರೋನಿಂಗೆನ್‌ನಲ್ಲಿ ಡೋಡ್‌ಸ್ಟಿಲ್ ಎಂಬ ಪುಟ್ಟ ಊರಿದೆ. ಇಂದಿನ ಡಚ್‌ನಲ್ಲಿ ಆ ಪದಕ್ಕೆ ಅರ್ಥ ‘ಸತ್ತಷ್ಟು ನಿಶ್ಶಬ್ದ’. ಊರೂ ಶಾಂತವಾಗಿಯೇ ಇದೆ, ಆದ್ದರಿಂದ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಗ್ರೋನಿಂಗೆನ್ ಸೀಮೆಯಲ್ಲಿ ‘ಟಿಲ್’ ಎಂದರೆ ಸೇತುವೆ. ಹೆಸರನ್ನು ಒಡೆಯಬೇಕಾದದ್ದು ಡೋಡೆ-ಸ್-ಟಿಲ್ ಎಂದು, ಅಂದರೆ ಡೋಡೆ ಎಂಬಾತನ ಸೇತುವೆ. ತಪ್ಪಾದದ್ದು ಅರ್ಥದಲ್ಲಲ್ಲ, ಒಡೆದ ಜಾಗದಲ್ಲಿ.

ಫ್ರೀಸ್‌ಲ್ಯಾಂಡಿನ ಸೆಕ್ಸ್‌ಬೀರಮ್ ಫಲಕದ ಮುಂದೆ ಪ್ರವಾಸಿಗರು ನಕ್ಕು ಫೋಟೊ ತೆಗೆಸಿಕೊಳ್ಳುತ್ತಾರೆ. ಪಕ್ಕದಲ್ಲೇ ಪೀಟರ್ಸ್‌ಬೀರಮ್ ಇದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಸಾಕು, ಮೊದಲ ತುಂಡು ಆಯಾ ಇಗರ್ಜಿಯ ಸಂತನ ಹೆಸರು: ಒಂದು ಪೋಪ್ ಸಿಕ್ಸ್ಟಸ್, ಇನ್ನೊಂದು ಪೀಟರ್. ಒಂದು ಹೆಸರು ಬಿಡಿಸಲಾಗದಿದ್ದರೆ ನೆರೆಯ ಊರಿನ ಹೆಸರನ್ನು ಕೇಳುವುದು ಒಳ್ಳೆಯ ಅಭ್ಯಾಸ.

ಕಿಂಡರ್‌ಡೈಕ್ ಎಂದರೆ ಮಕ್ಕಳ ಏರಿ. 1421ರ ಸಂತ ಎಲಿಜಬೆತ್ ಪ್ರವಾಹದಲ್ಲಿ ತೊಟ್ಟಿಲೊಂದು ತೇಲಿ ಬಂದು ಏರಿಗೆ ತಾಗಿತು, ಬೆಕ್ಕೊಂದು ಅತ್ತಿತ್ತ ಜಿಗಿದು ತೊಟ್ಟಿಲು ಮಗುಚದಂತೆ ಕಾಪಾಡಿತು, ಒಳಗೆ ಮಗು ಬದುಕಿತ್ತು ಎಂಬುದು ಕಥೆ. ಪ್ರವಾಹ ಇತಿಹಾಸ, ತೊಟ್ಟಿಲು ಜನಪದ. ಕಥೆಯನ್ನು ಬಿಡಬೇಕಿಲ್ಲ, ಕಥೆ ಎಂದೇ ಬರೆದಿಡಿ.

ವಿದ್ವಾಂಸರೂ ಈ ಬಲೆಗೆ ಬಿದ್ದದ್ದುಂಟು. ಲೈಡನ್ ವಿಶ್ವವಿದ್ಯಾಲಯದ ಲ್ಯಾಟಿನ್ ಹೆಸರಿನಲ್ಲಿ ‘ಲುಗ್ಡುನೊ-ಬಟಾವಾ’ ಎಂದಿದೆ. ಆದರೆ ರೋಮನ್ನರ ಲುಗ್ಡುನುಮ್ ಕೋಟೆ ಇದ್ದದ್ದು ಕಟ್‌ವೈಕ್ ಬಳಿಯ ಕಡಲ ತೀರದಲ್ಲಿ. ಲೈಡನ್‌ನ ಹಳೆಯ ರೂಪ ‘ಲೈತೋನ್’, ಅದು ನೀರಿನ ಹಾದಿಗೆ ಸಂಬಂಧಿಸಿದ ಪದ. ನೈಮೇಖನ್ ಮಾತ್ರ ನಿಜಕ್ಕೂ ರೋಮನ್ನರ ನೋವಿಯೊಮಾಗುಸ್, ಅಂದರೆ ಹೊಸ ಸಂತೆಬಯಲು.

ಹಂತ 8: ಹೆಸರಿಟ್ಟವರು ಯಾರು, ಎಂದು?

ಎಲ್ಲ ಹೆಸರೂ ಹಳೆಯದಲ್ಲ. ಬೇಮ್‌ಸ್ಟರ್ ಕೆರೆಯನ್ನು 1612ರಲ್ಲಿ ಬತ್ತಿಸಿದಾಗ ಮಾಡಿದ ಚೌಕಟ್ಟಿನ ನೆಲದಲ್ಲಿ ಊರುಗಳ ಹೆಸರೂ ದಿಕ್ಕಿನ ಹೆಸರು: ಮಿಡನ್‌ಬೇಮ್‌ಸ್ಟರ್, ವೆಸ್ಟ್‌ಬೇಮ್‌ಸ್ಟರ್. ಹಾರ್ಲೆಮರ್‌ಮೇರ್ 1852ರಲ್ಲಿ ಬತ್ತಿತು. ಅಲ್ಲಿನ ಕ್ರುಕಿಯುಸ್ ಮತ್ತು ಲೈಂಡನ್ ಹಳ್ಳಿಗಳಿಗೆ ಹೆಸರು ಬಂದದ್ದು ಆ ನೀರನ್ನು ಎತ್ತಿದ ಉಗಿಯಂತ್ರದ ಪಂಪ್‌ಹೌಸುಗಳಿಂದ. ಡ್ರೆಂಟೆ ಪ್ರಾಂತ್ಯದ ಫ್ರೆಡರಿಕ್ಸ್‌ಓರ್ಡ್ 1818ರಲ್ಲಿ ನಗರದ ಬಡವರಿಗಾಗಿ ಸ್ಥಾಪಿಸಿದ ವಸಾಹತು, ಹೆಸರು ರಾಜಕುಮಾರ ಫ್ರೆಡರಿಕ್‌ನದು.

ಕೊನೆಯ ಬಗೆ, ವಲಸೆ ಹೋದ ಹೆಸರು. ಜೌಡರ್‌ಜೇ ಕಡಲಿನಲ್ಲಿ ಸ್ಖಾಕ್‌ಲ್ಯಾಂಡ್ ಎಂಬ ಇಕ್ಕಟ್ಟಾದ ದ್ವೀಪವಿತ್ತು, ಅದರ ಮೇಲೆ ಎಮ್ಮೆಲೋರ್ಡ್, ಎನ್ಸ್ ಎಂಬ ನೆಲೆಗಳಿದ್ದವು. ಕಡಲು ದಂಡೆಯನ್ನು ಕೊರೆಯುತ್ತ ಬಂದು, 1859ರಲ್ಲಿ ಸರ್ಕಾರ ದ್ವೀಪವನ್ನು ತೆರವು ಮಾಡಿಸಿತು. 1932ರಲ್ಲಿ ಅಫ್‌ಸ್ಲೌಟ್‌ಡೈಕ್ ಏರಿ ಕಡಲನ್ನು ಮುಚ್ಚಿತು. 1942ರಲ್ಲಿ ಈಶಾನ್ಯ ಪೋಲ್ಡರ್ (ಏರಿ ಕಟ್ಟಿ ನೀರು ಬತ್ತಿಸಿ ಪಡೆದ ನೆಲ) ಒಣಗಿದಾಗ ದ್ವೀಪ ಹೊಲಗಳ ನಡುವಿನ ದಿಣ್ಣೆಯಾಯಿತು. ಹೊಸ ನೆಲದ ಮುಖ್ಯ ಊರಿಗೆ ಎಮ್ಮೆಲೋರ್ಡ್ ಎಂದೇ ಹೆಸರಿಟ್ಟರು, ಇನ್ನೊಂದಕ್ಕೆ ಎನ್ಸ್. ಹೀಗಾಗಿ ಇಂದಿನ ಎಮ್ಮೆಲೋರ್ಡ್‌ನ ನೆಲವನ್ನು ಕೇಳಿ ಆ ಹೆಸರಿನ ಅರ್ಥ ತಿಳಿಯುವಂತಿಲ್ಲ, ಅದಕ್ಕೆ ದ್ವೀಪದ ಹಳೆಯ ದಾಖಲೆಗೇ ಹೋಗಬೇಕು.

ಹಂತ 9: ಟಿಪ್ಪಣಿ ಮಾಡಿಕೊಂಡು ಊರಿನವರನ್ನು ಕಾಣಿ

ಒಂದು ಹಾಳೆಯಲ್ಲಿ ಇಂದಿನ ರೂಪ, ಉಚ್ಚಾರ, ಹಳೆಯ ರೂಪ ಮತ್ತು ಅದರ ವರ್ಷ, ಒಡೆದ ತುಂಡುಗಳು, ನೆಲದ ಸಾಕ್ಷಿ, ಜನಪದ ಕಥೆ ಇವನ್ನು ಬೇರೆ ಬೇರೆಯಾಗಿ ಬರೆಯಿರಿ. ಖಚಿತವಾದದ್ದರ ಮುಂದೆ ಒಂದು ಗುರುತು, ಊಹೆಯ ಮುಂದೆ ಇನ್ನೊಂದು ಇರಲಿ. ಅಲ್ಲಿನ ಎಷ್ಟೋ ಊರುಗಳಲ್ಲಿ ಸ್ಥಳೀಯ ಇತಿಹಾಸ ಸಂಘಗಳಿವೆ, ಪ್ರಾದೇಶಿಕ ದಾಖಲೆಗಾರಗಳೂ ಸಾರ್ವಜನಿಕರಿಗೆ ತೆರೆದಿವೆ. ಅಲ್ಲಿಗೆ ಹೋಗಿ ‘ಈ ಹೆಸರಿನ ಅರ್ಥವೇನು’ ಎಂದು ಕೇಳಿದರೆ ಬರುವುದು ಮತ್ತೆ ಆ ಬೆಕ್ಕು ಮತ್ತು ತೊಟ್ಟಿಲಿನಂಥ ಕಥೆಯೇ. ಬದಲಿಗೆ ಹಾಳೆಯನ್ನು ಮುಂದಿಟ್ಟು, ಇದಕ್ಕಿಂತ ಹಳೆಯ ರೂಪ ಯಾವ ದಾಖಲೆಯಲ್ಲಿದೆ, ಈ ಕಾಲುವೆಯನ್ನು ತೋಡಿದ್ದು ಯಾವಾಗ, ಮೊದಲ ಇಗರ್ಜಿ ಇದ್ದದ್ದು ಎಲ್ಲಿ ಎಂದು ಕೇಳಿ.